ಹಿಂಬಾಗಿಲಿಂದ ಬರುವ ಕರೆಂಟು: ಸೋಲಾರ್ ಎಸಿಡಿಬಿ ಎಷ್ಟು ದೊಡ್ಡದಿರಬೇಕು?

"ಮೋಡ ಇದ್ದ ದಿವಸ ಎಂತ ತೊಂದ್ರೆ ಇಲ್ಲ ಮಾರಾಯ್ರೇ. ಬಿಸಿಲು ಜೋರಾಯ್ತು ಅಂದ್ರೆ ಬೀಳ್ತದೆ ನೋಡಿ."

ಅಘನಾಶಿನಿ ದಂಡೆಯ ಒಂದು ಐಸ್ ಪ್ಲಾಂಟಿನ ಯಜಮಾನರು ಹೀಗೆ ಹೇಳಿದಾಗ ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆ. ಶೀಟಿನ ಮೇಲೆ 60 ಕಿಲೋವ್ಯಾಟ್ ಸೋಲಾರ್. ಕೆಳಗೆ, ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಎಸಿ ಮಾಡುವ 20 ಕಿಲೋವ್ಯಾಟಿನ ಮೂರು ಇನ್ವರ್ಟರ್. ಪಡುವಣ ಗೋಡೆಯಲ್ಲಿ ಬೂದು ಬಣ್ಣದ ಕಬ್ಬಿಣದ ಡಬ್ಬಿ, ಒಳಗೆ ಒಂದಕ್ಕೊಂದು ಅಂಟಿಕೊಂಡು ಕೂತ ಮೂರು ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು. ಎರಡರ ಮೇಲೆ 32 ಎಂದಿತ್ತು, ಮೂರನೆಯದರ ಮೇಲೆ 63. ಪದೇ ಪದೇ ಬೀಳುತ್ತಿದ್ದದ್ದನ್ನು ಯಾರೋ ಕಿತ್ತು, ದೊಡ್ಡದು ಹಾಕಿ ಹೋಗಿದ್ದರು. ಅದು ಆಮೇಲೆ ಬೀಳಲಿಲ್ಲ, ನಿಜ. ಆದರೆ ಅದರ ಕೆಳಗಿನ 6 ಸ್ಕ್ವೇರ್ ಎಂಎಂ ತಂತಿಯ ಸಿಪ್ಪೆ, ತುದಿಗೆ ಒತ್ತಿದ ಲೋಹದ ಲಗ್ ಹತ್ತಿರ, ಹುರಿದ ಗೇರುಬೀಜದ ಬಣ್ಣಕ್ಕೆ ತಿರುಗಿತ್ತು. ಬಾಗಿಲು ತೆರೆದ ಕೂಡಲೇ ಬೆಂದ ಪಿವಿಸಿ ವಾಸನೆ.

ಉಳಿದ ಎರಡು ಎಂಸಿಬಿಗಳು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದವು. ತಪ್ಪಿದ್ದು ಅಳತೆ.

ಈಗ ಕಾರವಾರದಿಂದ ಭಟ್ಕಳದವರೆಗೆ ಚಾವಣಿ ಮೇಲೆ ಸೋಲಾರ್ ಹಾಕಿಸುವವರು ಜಾಸ್ತಿಯಾಗಿದ್ದಾರೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್ ಮನೆಗೆ 78,000 ರೂಪಾಯಿ ಸಬ್ಸಿಡಿ ಅಂದಮೇಲೆ ಘಟ್ಟದ ಮೇಲೂ ಕೆಳಗೂ ವಿಚಾರಣೆ ಶುರುವಾಯಿತು. ಪ್ಯಾನೆಲ್ ಯಾವ ಕಂಪನಿಯದ್ದು, ಇನ್ವರ್ಟರ್‌ಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಎಲ್ಲರೂ ಕೇಳುತ್ತಾರೆ. ನಡುವೆ ಗೋಡೆಯಲ್ಲಿ ಸುಮ್ನೆ ಕೂತಿರುವ ಆ ಡಬ್ಬಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ವಯರಿಂಗ್ ಕೆಲಸದಲ್ಲಿದ್ದೇನೆ. ಸೋಲಾರ್‌ನಲ್ಲಿ ಸುಟ್ಟದ್ದು ಎಂದು ನನ್ನನ್ನು ಕರೆದ ಕಡೆಯೆಲ್ಲ ಹೆಚ್ಚಾಗಿ ಸುಟ್ಟಿದ್ದು ಈ ಡಬ್ಬಿಯೇ.

ಅದರ ಹೆಸರು ಎಸಿಡಿಬಿ, ಅಂದರೆ ಎಸಿ ಡಿಸ್ಟ್ರಿಬ್ಯೂಷನ್ ಬೋರ್ಡ್. ಎರಡು ಮೂರು ಇನ್ವರ್ಟರ್‌ಗಳಿಂದ ಬರುವ ಎಸಿ ಕರೆಂಟನ್ನು ಒಂದೇ ಬಸ್‌ಬಾರಿಗೆ, ಅಂದರೆ ಡಬ್ಬಿಯೊಳಗಿನ ದಪ್ಪ ಲೋಹದ ಪಟ್ಟಿಗೆ ಸೇರಿಸಿ, ಒಂದೇ ದಪ್ಪ ಕೇಬಲ್‌ನಲ್ಲಿ ಕಟ್ಟಡದ ಮೇನ್ ಪ್ಯಾನೆಲ್‌ಗೆ ಕಳಿಸುವುದು ಅದರ ಕೆಲಸ. ಕೆಲವರು ಕಂಬೈನರ್ ಅನ್ನುತ್ತಾರೆ. ಹಳ್ಳ ಹಳ್ಳ ಸೇರಿ ಹೊಳೆಯಾದ ಹಾಗೆ.

ಸೂರ್ಯನಿಗೆ ಪಾಳಿ ಇಲ್ಲ

ನೋಡಲಿಕ್ಕೆ ಎಸಿಡಿಬಿಯೂ ಮನೆಯ ಡಿಬಿಯೂ ಒಂದೇ ತರ. ಅಲ್ಲೇ ಎಡವಟ್ಟು ಆಗುವುದು.

ಮನೆಯ ಡಿಬಿಯಲ್ಲಿ ಹತ್ತು ಎಂಸಿಬಿ ಇದ್ದರೂ ಹತ್ತೂ ಒಟ್ಟಿಗೆ ತುಂಬಿ ಓಡುವುದಿಲ್ಲ. ಗೀಸರ್ ಬೆಳಿಗ್ಗೆ, ಮಿಕ್ಸಿ ಐದು ನಿಮಿಷ, ಪಂಪು ತೋಟಕ್ಕೆ ನೀರು ಬಿಡುವಾಗ. ಹೀಗಾಗಿ ಇಂಥ ಡಬ್ಬಿ (ಇದಕ್ಕೂ ಪ್ಯಾನೆಲ್ ಅಂತಲೇ ಹೆಸರು) ಮಾಡುವವರಿಗೆ ನಿಯಮವೇ ಒಂದು ರಿಯಾಯಿತಿ ಕೊಡುತ್ತದೆ. ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 61439 ಎಂಬ ಪ್ಯಾನೆಲ್ ಮಾನಕವನ್ನು ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಒಪ್ಪಿಕೊಂಡಿದೆ. ಅದರ ಪ್ರಕಾರ, ಬೇರೆ ಮಾಹಿತಿ ಇಲ್ಲದಿದ್ದಾಗ, ಎರಡು ಮೂರು ಸರ್ಕ್ಯೂಟಿಗೆ 0.9, ನಾಲ್ಕೈದಕ್ಕೆ 0.8, ಆರರಿಂದ ಒಂಬತ್ತಕ್ಕೆ 0.7, ಹತ್ತು ಮತ್ತು ಅದಕ್ಕಿಂತ ಮೇಲೆ 0.6 ಎಂದು ಗುಣಿಸಿ ಲೆಕ್ಕ ಹಾಕಬಹುದು. ಹತ್ತು ಸರ್ಕ್ಯೂಟಿನ ಪ್ಯಾನೆಲ್ ಆದರೆ ಪ್ರತಿ ಸರ್ಕ್ಯೂಟೂ ಸರಾಸರಿ ನೂರಕ್ಕೆ ಅರವತ್ತು ಪಾಲು ಓಡುತ್ತದೆ ಅಂತ ಅಂದಾಜು.

ಸೋಲಾರ್‌ನಲ್ಲಿ ಈ ರಿಯಾಯಿತಿ ನಡೆಯುವುದಿಲ್ಲ. ಒಂದೇ ಮಾಡಿನ ಮೇಲಿನ ಪ್ಯಾನೆಲ್‌ಗಳಿಗೆಲ್ಲ ಬಿಸಿಲು ಒಂದೇ ಹೊತ್ತಿಗೆ ಏರುತ್ತದೆ. ಮೂರು ಇನ್ವರ್ಟರ್ ಇದ್ದರೆ ಮೂರೂ ಹನ್ನೆರಡೂವರೆಗೆ ತುತ್ತತುದಿಯಲ್ಲಿ ಇರುತ್ತವೆ. ಶಿರಸಿ ಬಸ್‌ಸ್ಟ್ಯಾಂಡನ್ನು ನೆನಪು ಮಾಡಿಕೊಳ್ಳಿ. ಮಾಮೂಲಿ ದಿನ ಒಂದು ಬಸ್ಸು ಬಂದರೆ ಒಂದು ಹೋಗುತ್ತದೆ, ಜಾಗ ಸಾಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಎಲ್ಲ ದಿಕ್ಕಿನ ಬಸ್ಸೂ ಒಟ್ಟಿಗೆ ಬರುತ್ತವೆ. ಸೋಲಾರ್ ಡಬ್ಬಿಗೆ ದಿನಾ ಮಧ್ಯಾಹ್ನ ಜಾತ್ರೆ. ಅದಕ್ಕೇ ಅಲ್ಲಿ ಗುಣಿಸುವ ಸಂಖ್ಯೆ 1. ಪ್ಯಾನೆಲ್ ಮಾಡುವವರಿಗೆ ಆರ್ಡರ್ ಕೊಡುವಾಗ ಇದನ್ನು ಬರೆದೇ ಕೊಡಬೇಕು. ಇಲ್ಲದಿದ್ದರೆ ಅವರು ಮಾಮೂಲಿ ಡಿಬಿ ಲೆಕ್ಕದಲ್ಲೇ ಬಸ್‌ಬಾರ್ ಕತ್ತರಿಸುತ್ತಾರೆ. ಅವರ ತಪ್ಪೂ ಅಲ್ಲ.

ಎನ್‌ಇಸಿ ಅಂದರೆ ಯಾವ ಎನ್‌ಇಸಿ?

ಮುಂದಕ್ಕೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದ ಹುಡುಗರು "ಎನ್‌ಇಸಿ ಪ್ರಕಾರ 120 ಪರ್ಸೆಂಟ್" ಅನ್ನುತ್ತಾರೆ. ಅವರು ಹೇಳುವುದು ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್. 1897ರಿಂದ ಇದೆ, ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ. ನಮ್ಮ ದೇಶದ್ದೂ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡೇ. ಎಸ್‌ಪಿ 30 ಎಂಬ ಪುಸ್ತಕ, ಬ್ಯೂರೋದವರದ್ದು, 2011ರಲ್ಲೂ 2023ರಲ್ಲೂ ಪರಿಷ್ಕರಿಸಿದ್ದಾರೆ. ವಯರಿಂಗಿಗೆ ಐಎಸ್ 732, ಅರ್ತಿಂಗಿಗೆ ಐಎಸ್ 3043. ಇವೆಲ್ಲದರ ಮೇಲೆ ಕಾನೂನಿನ ಬಲ ಇರುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ. 2010ರವು ಹೋಗಿ 2023ರವು ಬಂದಿವೆ.

ನಮ್ಮ ಮಾನಕಗಳು ನಡೆಯುವುದು ಐಇಸಿ ದಾರಿಯಲ್ಲಿ, ಅಮೆರಿಕದ ದಾರಿಯಲ್ಲಿ ಅಲ್ಲ. ಹಾಗಂತ ಅಮೆರಿಕದ ಲೆಕ್ಕ ಕಲಿಯಬಾರದು ಅಂತ ಏನಿಲ್ಲ. ಸೋಲಾರ್ ಡಬ್ಬಿಯ ವಿಷಯದಲ್ಲಿ ಅವರು ಅಂಕಿ ಸಮೇತ ಬರೆದಷ್ಟು ಬಿಡಿಸಿ ಬೇರೆಯವರು ಬರೆದಿಲ್ಲ ಅಂತ ನನ್ನ ಅಭಿಪ್ರಾಯ. ನಾನು ಎರಡೂ ಕಡೆಯಿಂದ ಲೆಕ್ಕ ಹಾಕುತ್ತೇನೆ. ಎರಡರಲ್ಲಿ ಯಾವುದು ಬಿಗಿಯೋ ಅದನ್ನು ಹಿಡಿಯುತ್ತೇನೆ.

ಒಂದು ಇನ್ವರ್ಟರ್, ಒಂದು ಎಂಸಿಬಿ

ಮೊದಲು ಇನ್ವರ್ಟರ್ ಪಕ್ಕದಲ್ಲಿ ಅಂಟಿಸಿದ ಪಟ್ಟಿ ಓದಬೇಕು. 20 ಕಿಲೋವ್ಯಾಟನ್ನು 400 ವೋಲ್ಟಿಗೂ, ಮೂರು ಫೇಸ್ ಆದ್ದರಿಂದ 1.732ಕ್ಕೂ ಭಾಗಿಸಿದರೆ ಸುಮಾರು 29 ಆಂಪಿಯರ್ ಬರುತ್ತದೆ. ಆದರೆ ಐಸ್ ಪ್ಲಾಂಟಿನ ಇನ್ವರ್ಟರ್ ಮೇಲೆ 'ಗರಿಷ್ಠ ಔಟ್‌ಪುಟ್ ಕರೆಂಟ್ 32 ಆಂಪಿಯರ್' ಎಂದಿತ್ತು. ಯಾವುದು ಹಿಡಿಯಬೇಕು? 32. ಯಾಕೆಂದರೆ ಇನ್ವರ್ಟರ್ ಕಳಿಸುವುದು ಇಷ್ಟು ವ್ಯಾಟ್ ಅಂತ. ಲೈನಿನಲ್ಲಿ ವೋಲ್ಟೇಜ್ ಇಳಿದರೆ ಅಷ್ಟೇ ವ್ಯಾಟ್ ಕಳಿಸಲು ಅದು ಆಂಪಿಯರ್ ಏರಿಸುತ್ತದೆ. 380 ವೋಲ್ಟಿಗೆ ಇಳಿದರೆ 30 ದಾಟಿತು. ಸಂಜೆ ಹೊತ್ತು ವೋಲ್ಟೇಜ್ ಕುಸಿಯುವುದು ನಮಗೇನು ಹೊಸದಲ್ಲ, ಕೆಲವು ಫೀಡರಿನಲ್ಲಿ ಹಗಲೂ ಇಳಿಯುತ್ತದೆ.

ಹಾಗಾದರೆ 32ಕ್ಕೆ 32ರ ಎಂಸಿಬಿ ಸರಿಯಲ್ವಾ? ಐಸ್ ಪ್ಲಾಂಟಿನಲ್ಲಿ ಹಾಕಿದವರೂ ಹಾಗೇ ಯೋಚಿಸಿದ್ದರು. ಕಾಗದದ ಮೇಲೆ ಸರಿ.

ಎಂಸಿಬಿಯ ಒಳಗೆ ಎರಡು ಲೋಹ ಸೇರಿಸಿ ಮಾಡಿದ ಒಂದು ಪಟ್ಟಿ ಇರುತ್ತದೆ. ಕರೆಂಟು ಹರಿದು ಬಿಸಿಯಾದರೆ ಅದು ಬಾಗುತ್ತದೆ, ಸಾಕಷ್ಟು ಬಾಗಿದರೆ ಟ್ರಿಪ್. ಆ ಪಟ್ಟಿಗೆ ಬಿಸಿ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ತನ್ನೊಳಗಿನ ಕರೆಂಟಿನಿಂದ ಬಂದರೂ ಒಂದೇ, ಪಕ್ಕದ ಎಂಸಿಬಿಯಿಂದ ಬಂದರೂ ಒಂದೇ, ಪಡುವಣ ಬಿಸಿಲಿನಿಂದ ಬಂದರೂ ಒಂದೇ. ಮನೆಗೆ ಹಾಕುವ ಎಂಸಿಬಿಯ ಮೇಲೆ ಬರೆದ ಅಂಕಿ 30 ಡಿಗ್ರಿ ಉಷ್ಣಾಂಶಕ್ಕೆ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ನೆರಳೇ ಅದಕ್ಕಿಂತ ಬಿಸಿ. ಬಿಸಿಲಿಗೆ ಬಿದ್ದ ಕಬ್ಬಿಣದ ಡಬ್ಬಿಯ ಒಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ.

ಎಷ್ಟು ಕಳೆಯಬೇಕು ಅಂತ ಪ್ರತಿ ಕಂಪನಿಯೂ ತನ್ನ ಕ್ಯಾಟಲಾಗಿನಲ್ಲಿ ಪಟ್ಟಿ ಕೊಡುತ್ತದೆ. ಉದಾಹರಣೆಗೆ, ಬಿಸಿಗೆ ನೂರಕ್ಕೆ 10, ಒತ್ತಾಗಿ ಕೂತದ್ದಕ್ಕೆ ನೂರಕ್ಕೆ 15 ಕಳೆಯೋಣ. 32 × 0.9 × 0.85, ಅಂದರೆ ಇಪ್ಪತ್ತನಾಲ್ಕೂವರೆ. ಎಂಸಿಬಿ ತನ್ನ ಅಳತೆಯ 1.13 ಪಟ್ಟಿನವರೆಗೆ ಒಂದು ಗಂಟೆ ಬೀಳದೆ ನಿಲ್ಲಬೇಕು ಅಂತ ಮಾನಕ ಹೇಳುತ್ತದೆ. ಅದನ್ನು ಸೇರಿಸಿದರೂ 28ರ ಒಳಗೇ. ಇನ್ವರ್ಟರ್ ಕಳಿಸುತ್ತಿದ್ದದ್ದು 29-30. ಹನ್ನೊಂದಕ್ಕೆ ಬಿಸಿಯೇರಲು ಶುರು, ಹನ್ನೆರಡೂವರೆಗೆ ಟಕ್. ಮೋಡದ ದಿನ ಯಾಕೆ ಬೀಳುವುದಿಲ್ಲ ಅಂತ ಯಜಮಾನರಿಗೆ ಈ ಲೆಕ್ಕ ತೋರಿಸಿದೆ. "ಹಂಗಾರೆ ಫ್ಯಾನ್ ಇಟ್ರೆ ಆಗ್ತದ?" ಅಂದರು. ಅವರು ಕೇಳಿದ್ದು ತಮಾಷೆಗಲ್ಲ, ಉತ್ತರವೂ ಪೂರ್ತಿ 'ಇಲ್ಲ' ಅಲ್ಲ.

ಅಮೆರಿಕದವರ 1.25 ಹುಟ್ಟಿದ್ದು ಇದೇ ಬಿಸಿಯಿಂದ. ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಒಂದೇ ಸಮ ಹರಿಯುವ ಕರೆಂಟಿಗೆ 'ನಿರಂತರ' ಎಂದು ಅವರು ಹೆಸರಿಟ್ಟಿದ್ದಾರೆ. ಸೋಲಾರ್ ಕರೆಂಟನ್ನು ಯಾವಾಗಲೂ ನಿರಂತರ ಅಂತಲೇ ಲೆಕ್ಕ. ಹಾಗೆ ಹರಿಯುವಲ್ಲಿ ಬ್ರೇಕರನ್ನು ಅದರ ಅಳತೆಯ ನೂರಕ್ಕೆ 80ರಷ್ಟೇ ದುಡಿಸಬೇಕು. ತಿರುಗಿಸಿ ಹೇಳಿದರೆ ಕರೆಂಟನ್ನು 1.25ರಿಂದ ಗುಣಿಸಬೇಕು. 32 × 1.25 = 40. ಸರಿಯಾಗಿ 40ರ ಎಂಸಿಬಿ ಸಿಗುತ್ತದೆ.

ಐಇಸಿ ಪುಸ್ತಕದಲ್ಲಿ ಈ 1.25 ಇಲ್ಲ. ಅಲ್ಲಿರುವುದು ಒಂದು ಸಾಲು: ಹರಿಯುವ ಕರೆಂಟಿಗಿಂತ ಎಂಸಿಬಿ ಸಣ್ಣದಿರಬಾರದು, ಎಂಸಿಬಿಗಿಂತ ತಂತಿ ಸಣ್ಣದಿರಬಾರದು. ಬಿಸಿ, ಒತ್ತು, ಪೈಪು ಎಲ್ಲ ಕಳೆದ ಮೇಲೂ ಈ ಸಾಲು ಸರಿಯಾಗಿ ನಿಲ್ಲಬೇಕು. ನೆನಪಿಡಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕರೆಂಟು, ಎಂಸಿಬಿ, ತಂತಿ. ಈ ಸಾಲಿನಲ್ಲಿ ಯಾರೂ ಹಿಂದೆ ಮುಂದೆ ಆಗಬಾರದು. 63ರ ಎಂಸಿಬಿ ಹಾಕಿ ಹೋದವರು ಮಾಡಿದ್ದು ಅದನ್ನೇ, ತಂತಿಯನ್ನು ಎಂಸಿಬಿಯ ಹಿಂದೆ ತಳ್ಳಿದ್ದು.

ತಂತಿಯ ಲೆಕ್ಕವನ್ನೂ ನೋಡಿಬಿಡೋಣ. 6 ಸ್ಕ್ವೇರ್ ಎಂಎಂ ತಾಮ್ರದ ಪಿವಿಸಿ ಕೇಬಲ್, ಗೋಡೆಯ ಮೇಲಿನ ಪೈಪಿನೊಳಗೆ, ಮೂರು ಫೇಸ್. 30 ಡಿಗ್ರಿಯಲ್ಲಿ ಅದು ತಡೆಯುವುದು 34 ಆಂಪಿಯರ್. ಸುತ್ತಲಿನ ಗಾಳಿ 40 ಡಿಗ್ರಿಯಾದರೆ 0.87ರಿಂದ ಗುಣಿಸಬೇಕು. 29.6 ಉಳಿಯಿತು. ಅಂದರೆ 32ರ ಎಂಸಿಬಿಗೂ ಆ ತಂತಿ ಸಾಲದು, 63ರ ಮಾತು ಬಿಡಿ. ಅಂಗಡಿಯಲ್ಲಿ "6 ಎಂಎಂ 40 ಆಂಪ್ ತಡೀತದೆ" ಅನ್ನುವುದು ತಂಪಾದ ಗೋಡೆಯ ಮೇಲೆ, ಪೈಪಿಲ್ಲದೆ ಎಳೆದ ಕೇಬಲ್ಲಿನ ಅಂಕಿ. 10 ಸ್ಕ್ವೇರ್ ಎಂಎಂ ಹಾಕಿದರೆ 46 × 0.87, ಸರಿಯಾಗಿ 40. ಲೆಕ್ಕಕ್ಕೆ ಪಾಸು, ಆದರೆ ಅಂಚಿನಲ್ಲಿ. ನಾನು 16 ಹಾಕಿದೆ, ಅದು 54ರ ಹತ್ತಿರ ಬರುತ್ತದೆ. ಮೂರು ಕೇಬಲ್ಲಿಗೂ ಬೇರೆ ಬೇರೆ ಪೈಪು. ಎಂಸಿಬಿ 40, ಒಂದೊಂದರ ನಡುವೆ ಒಂದು ಬೆರಳು ಜಾಗ. ಡಬ್ಬಿಯನ್ನು ಪಡುವಣ ಗೋಡೆಯಿಂದ ತೆಗೆದು ಒಳಗೆ, ನೆರಳಿಗೆ ಹಾಕಿದೆ. ಫ್ಯಾನ್ ಬೇಕಾಗಲಿಲ್ಲ.

ಇನ್ನು ಬಸ್‌ಬಾರ್. ಮೂರು ಇನ್ವರ್ಟರ್ ಸೇರಿ 96, 1.25ರಿಂದ ಗುಣಿಸಿದರೆ 120. ಅಮೆರಿಕದವರ ಇನ್ನೊಂದು ದಾರಿಯೂ ಇದೆ: ಮೇನ್ ಬಿಟ್ಟು ಉಳಿದ ಬ್ರೇಕರುಗಳನ್ನೆಲ್ಲ ಕೂಡಿಸು, ಬಸ್‌ಬಾರ್ ಅದಕ್ಕಿಂತ ಸಣ್ಣದಿರಬಾರದು. ಮೂರು ನಲವತ್ತು 120. ಎರಡೂ ದಾರಿ ಒಂದೇ ಊರಿಗೆ ಬಂದವು. 125 ಸಾಕು ಅಂತ ಲೆಕ್ಕ ಹೇಳುತ್ತದೆ. ನಾನು 200ರ ತಾಮ್ರದ ಪಟ್ಟಿ ಹಾಕಿ, ಹೊರಗೆ ಹೋಗುವಲ್ಲಿ 160ರ ಎಂಸಿಸಿಬಿ (ಎಂಸಿಬಿಯ ದೊಡ್ಡಣ್ಣ) ಇಟ್ಟು ಅದನ್ನು 125ಕ್ಕೆ ತಿರುಗಿಸಿದೆ. ಮುಂದೆ ಯಜಮಾನರು ನಾಲ್ಕನೇ ಇನ್ವರ್ಟರ್ ತರದೆ ಇರುವುದಿಲ್ಲ, ನನಗೆ ಅವರು ಗೊತ್ತು.

ಖಾಲಿ ಜಾಗ ಉಂಟು ಅಂತ ಎಸಿಡಿಬಿಯಿಂದಲೇ ಒಂದು ಪಂಪಿಗೋ ಲೈಟಿಗೋ ಲೈನ್ ಎಳೆಯುವವರಿದ್ದಾರೆ. ಎಳೆದರೆ ಆ ಬ್ರೇಕರನ್ನೂ ಮೇಲಿನ ಕೂಡುವ ಲೆಕ್ಕಕ್ಕೆ ಸೇರಿಸಬೇಕು. ಎಳೆಯದಿರುವುದೇ ಒಳ್ಳೆಯದು.

ಹಿಂಬಾಗಿಲು

ಇಲ್ಲಿಯವರೆಗಿನದು ಸುಲಭ. ಕಷ್ಟದ್ದು ಇನ್ನೊಂದು ತುದಿಯಲ್ಲಿದೆ, ಎಸಿಡಿಬಿ ಹೋಗಿ ಕಟ್ಟಡದ ಮೇನ್ ಪ್ಯಾನೆಲ್‌ಗೆ ಸೇರುವಲ್ಲಿ.

ಮಾಮೂಲಿ ಮೇನ್ ಪ್ಯಾನೆಲ್‌ಗೆ ಕರೆಂಟು ಬರುವ ಬಾಗಿಲು ಒಂದೇ. ಬಾಗಿಲಲ್ಲಿ ಕಾವಲುಗಾರ ಕೂತಿದ್ದಾನೆ, ಅವನೇ ಇನ್‌ಕಮಿಂಗ್ ಎಂಸಿಸಿಬಿ. ಬಸ್‌ಬಾರ್ 200, ಕಾವಲುಗಾರನೂ 200. ಒಳಗೆ ಯಾರು ಎಷ್ಟು ಎಳೆದರೂ 200 ದಾಟಿದರೆ ಅವನು ಬಾಗಿಲು ಹಾಕುತ್ತಾನೆ. ಸೋಲಾರ್ ಬಂದಮೇಲೆ ಮನೆಗೆ ಹಿಂಬಾಗಿಲು ಬಂತು. ಅಲ್ಲಿಂದ 96 ಆಂಪಿಯರ್ ಒಳಗೆ ಬರುತ್ತದೆ. ಮುಂಬಾಗಿಲ ಕಾವಲುಗಾರನಿಗೆ ಅದು ಕಾಣುವುದೇ ಇಲ್ಲ.

ಬೋಟುಗಳು ತುಂಬಾ ಮೀನು ತಂದ ದಿನ, ಮಧ್ಯಾಹ್ನ, ಕಂಪ್ರೆಸರ್‌ಗಳೆಲ್ಲ ಓಡುತ್ತಿವೆ. ಒಟ್ಟು 280 ಬೇಕು ಅಂತಿಟ್ಟುಕೊಳ್ಳಿ. ಗ್ರಿಡ್‌ನಿಂದ 184, ಸೋಲಾರ್‌ನಿಂದ 96. ಕಾವಲುಗಾರ 184 ನೋಡಿ ನಿಶ್ಚಿಂತೆಯಿಂದ ಇದ್ದಾನೆ. ಬಸ್‌ಬಾರ್ ಮಾತ್ರ 280 ಹೊರಬಹುದು. ಅದು ಇರುವುದು 200ಕ್ಕೆ.

'ಹೊರಬಹುದು' ಅಂದೆ. ಹೊರುತ್ತದೋ ಇಲ್ಲವೋ ಎಂಬುದು ಸೋಲಾರ್ ಬ್ರೇಕರ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ. ರಾಷ್ಟ್ರೀಯ ಹೆದ್ದಾರಿ 66ನ್ನು ಬಸ್‌ಬಾರ್ ಅಂದುಕೊಳ್ಳಿ. ಕಾರವಾರದಿಂದ 184 ಗಾಡಿ, ಭಟ್ಕಳದಿಂದ 96 ಗಾಡಿ ಹೊರಟವು. ಎಲ್ಲರೂ ನಡುವಿನ ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಇಳಿಯುವವರು. ಎರಡು ದಂಡೂ ಎದುರು ಬದುರು ಬರುತ್ತವೆ, ನಡುವೆ ಕರಗುತ್ತವೆ. ರಸ್ತೆಯ ಯಾವ ತುಂಡಿನಲ್ಲೂ 184ಕ್ಕಿಂತ ಜಾಸ್ತಿ ಗಾಡಿ ಇರುವುದಿಲ್ಲ. ಅದೇ 96 ಗಾಡಿಯೂ ಕಾರವಾರದಿಂದಲೇ ಹೊರಟರೆ? ಅಂಕೋಲಾ ಮುಟ್ಟುವವರೆಗೆ 280 ಗಾಡಿ ಒಂದೇ ರಸ್ತೆಯಲ್ಲಿ. ಅದಕ್ಕೇ ಸೋಲಾರ್ ಬ್ರೇಕರ್ ಮೇನ್‌ನಿಂದ ದೂರದ ತುದಿಯಲ್ಲಿ ಇರಬೇಕು ಅನ್ನುವುದು.

ಅಮೆರಿಕದ ಕೋಡಿನ 705.12ರಲ್ಲಿ ಬರುವ ಆ ಹೆಸರುವಾಸಿ 120 ಪರ್ಸೆಂಟ್ ನಿಯಮ ಇಷ್ಟೇ: ಸೋಲಾರ್ ಬ್ರೇಕರ್ ಎದುರು ತುದಿಯಲ್ಲಿದ್ದರೆ, ಮೇನ್ ಬ್ರೇಕರ್ ಮತ್ತು 1.25ರಿಂದ ಗುಣಿಸಿದ ಇನ್ವರ್ಟರ್ ಕರೆಂಟು ಸೇರಿ ಬಸ್‌ಬಾರಿನ 1.2 ಪಟ್ಟು ದಾಟಬಾರದು. ಎದುರು ತುದಿಯಲ್ಲಿ ಇಲ್ಲದಿದ್ದರೆ ಆ ಇಪ್ಪತ್ತರ ರಿಯಾಯಿತಿಯೂ ಇಲ್ಲ, ಬಸ್‌ಬಾರಿನ ಅಳತೆಯೇ ಮಿತಿ. ಬ್ರಿಟನ್ನಿನ ವಯರಿಂಗ್ ಮಾನಕ ಬಿಎಸ್ 7671 ಇನ್ನೂ ನೇರ. ಇನ್‌ಕಮಿಂಗ್ ಬ್ರೇಕರ್ ಮತ್ತು ಸೋಲಾರ್ ಕರೆಂಟು ಕೂಡಿಸು, ಪ್ಯಾನೆಲ್ ಅದಕ್ಕಿಂತ ಸಣ್ಣದಿರಬಾರದು, ಅಷ್ಟೇ. ತುದಿ ನಡುವೆ ಅಂತ ರಿಯಾಯಿತಿ ಇಲ್ಲ, 1.25ರ ಗುಣಾಕಾರವೂ ಇಲ್ಲ. ನನಗೆ ಇದು ಹೆಚ್ಚು ಇಷ್ಟ. ಯಾಕೆಂದರೆ ನಾಳೆ ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದು ಬ್ರೇಕರ್ ಜಾಗ ಬದಲಿಸಿದರೂ ಈ ಲೆಕ್ಕ ಕೆಡುವುದಿಲ್ಲ.

ಐಸ್ ಪ್ಲಾಂಟಿಗೆ ಹಾಕಿ ನೋಡಿ. ಅಮೆರಿಕದ್ದರಲ್ಲಿ ಮಿತಿ 240, ನಮ್ಮದು 200 ಮತ್ತು 120 ಸೇರಿ 320. ಫೇಲ್. ಬ್ರಿಟನ್ನಿನದ್ದರಲ್ಲಿ ಬೇಕಾದ್ದು 296, ಇದ್ದದ್ದು 200. ಫೇಲ್. ದಾರಿ ಮೂರು. ಇನ್‌ಕಮಿಂಗ್ ಎಂಸಿಸಿಬಿ ಇಳಿಸುವುದು ಒಂದು, ಆದರೆ ಮಳೆಗಾಲದಲ್ಲಿ ಸೋಲಾರ್ ಇಲ್ಲದ ಹೊತ್ತಿಗೆ ಕಂಪ್ರೆಸರ್ ಓಡುವುದು ಹೇಗೆ? ಮೇನ್‌ಗಿಂತ ಮೊದಲೇ, ಮೀಟರಿನ ಕಡೆ ಸೇರಿಸುವುದು ಇನ್ನೊಂದು. ಅದಕ್ಕೆ ಬೇರೆ ರಕ್ಷಣೆ ಬೇಕು, ಹೆಸ್ಕಾಂ ಒಪ್ಪಿಗೆ ಇಲ್ಲದೆ ಅಲ್ಲಿ ಕೈ ಹಾಕುವ ಹಾಗಿಲ್ಲ. ಮೂರನೆಯದು ಬಸ್‌ಬಾರ್ ಬದಲಿಸುವುದು. ನಾವು 400ರದ್ದು ಹಾಕಿದೆವು. ಖರ್ಚಿನ ಮಾತು ಬಂದಾಗ ಯಜಮಾನರ ಮುಖ ಸಣ್ಣದಾಯಿತು, ಆದರೆ ಆ ಕಂದು ತಂತಿಯ ತುಂಡನ್ನು ಮೇಜಿನ ಮೇಲೆ ಇಟ್ಟಿದ್ದೆ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಶುರುವಿನ ವರ್ಷಗಳಲ್ಲಿ, ಶಿರಸಿ ಕಡೆಯ ಒಂದು ಅಡಿಕೆ ತೋಟದ ಮನೆ. 5 ಕಿಲೋವ್ಯಾಟ್, ಸಿಂಗಲ್ ಫೇಸ್. 230ಕ್ಕೆ ಭಾಗಿಸಿದರೆ 22 ಆಂಪಿಯರ್ ಹತ್ತಿರ, 1.25ರಿಂದ ಗುಣಿಸಿದರೆ 27. 32ರ ಎಂಸಿಬಿ. ಮನೆಯ ಡಿಬಿಯಲ್ಲಿ ಮೇನ್ 40, ಬಸ್‌ಬಾರ್ 63. ಮೇನ್ ಪಕ್ಕದಲ್ಲೇ ಖಾಲಿ ಜಾಗ ಇತ್ತು, ಹಾಕಿಬಿಟ್ಟೆ. 40 ಮತ್ತು 27 ಸೇರಿದರೆ 67. 63 ದಾಟಿತಲ್ಲ! ಎದುರು ತುದಿಗೆ ಸರಿಸಿದರೆ ಮಿತಿ ಎಪ್ಪತ್ತೈದೂವರೆ, ಪಾಸು. ಬ್ರಿಟನ್ನಿನ ಲೆಕ್ಕದಲ್ಲಿ 62, ಅದೂ ಕೂದಲೆಳೆಯಲ್ಲಿ ಪಾಸು. ಒಂದು ವರ್ಷದ ಮೇಲೆ ನೆನಪಾಗಿ, ಹೋಗಿ ಸರಿಸಿ ಬಂದೆ. ಆ ಮನೆಯ ಹೆಗಡೇರು "ಹಾಳಾಗಿರಲಿಲ್ವಲ ಮಾರಾಯ, ಎಂತಕ್ಕೆ ಬಂದೆ?" ಅಂತ ಕೇಳಿ ಕುಡಿಯಲು ಆಸರಿಗೆ ಕೊಟ್ಟರು.

ಉಳಿದದ್ದು, ಸ್ವಲ್ಪ ಬೇಗ ಬೇಗ

ಲೈನಿನಲ್ಲಿ ಶಾರ್ಟ್ ಆದಾಗಲೂ ಇನ್ವರ್ಟರ್ ತನ್ನ ಅಳತೆಗಿಂತ ಸ್ವಲ್ಪ ಮಾತ್ರ ಹೆಚ್ಚು ಕರೆಂಟು ಕೊಡುತ್ತದೆ, ಅಷ್ಟರಲ್ಲಿ ತಾನೇ ನಿಲ್ಲುತ್ತದೆ. ಹಾಗಾಗಿ ಎಸಿಡಿಬಿಯ ಎಂಸಿಬಿ ಹೆದರಬೇಕಾದ್ದು ಇನ್ವರ್ಟರಿಗಲ್ಲ, ಟ್ರಾನ್ಸ್‌ಫಾರ್ಮರಿಗೆ. 250 ಕೆವಿಎ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ (ಅದರ ಒಳತಡೆ) ನೂರಕ್ಕೆ 4.5 ಆದರೆ, ಅದರ ಬುಡದಲ್ಲಿ ಶಾರ್ಟ್ ಆದಾಗ ಸುಮಾರು 8,000 ಆಂಪಿಯರ್ ನುಗ್ಗುತ್ತದೆ. 6 ಕೆಎ, ಅಂದರೆ 6,000 ಆಂಪಿಯರ್ ಎಂದು ಬರೆದ ಎಂಸಿಬಿ ಅಲ್ಲಿ ಒಡೆದು ಹೋಗಬಹುದು. 10 ಕೆಎ ಬೇಕು. ಎಂಸಿಬಿಯ ಮೇಲೆ ಲೈನ್, ಲೋಡ್ ಅಂತ ಗುರುತು ಇದ್ದರೆ ಉಲ್ಟಾ ಫೀಡ್ ಮಾಡಬಹುದೋ ಅಂತ ಕ್ಯಾಟಲಾಗ್ ನೋಡಿ.

ಡಿಸಿ ಕಡೆಯ ಡಬ್ಬಿಯದ್ದು ಬೇರೆಯೇ ಪಾಠ. ಅಲ್ಲಿ ಎಸಿ ಎಂಸಿಬಿ ಹಾಕಲೇಬಾರದು, ಡಿಸಿ ಕಿಡಿ ತನ್ನಷ್ಟಕ್ಕೆ ಆರುವುದಿಲ್ಲ. ಫ್ಯೂಸ್ ಬೇಕಾಗುವುದು ಮೂರು ಅಥವಾ ಹೆಚ್ಚು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಸರ) ಒಟ್ಟಿಗೆ ಸೇರಿದಾಗ. ಪ್ಯಾನೆಲ್‌ನ ಶಾರ್ಟ್ ಸರ್ಕ್ಯೂಟ್ ಕರೆಂಟು 14 ಆಂಪಿಯರ್ ಇದ್ದರೆ ಒಂದೂವರೆ ಪಟ್ಟು 21, ಮುಂದಿನ ಅಳತೆ 25. ಪ್ಯಾನೆಲ್ ಹಿಂದೆ ಬರೆದ ಗರಿಷ್ಠ ಫ್ಯೂಸನ್ನು ಮಾತ್ರ ದಾಟಬಾರದು.

ನಮ್ಮ ಕರಾವಳಿಗೆ ಇದಕ್ಕೆಲ್ಲ ಮೇಲೆ ಉಪ್ಪುಗಾಳಿ. ಕಾರವಾರದ ಕಡಲ ಬದಿಯಲ್ಲಿ ಬಣ್ಣ ಹೊಡೆದ ಕಬ್ಬಿಣದ ಡಬ್ಬಿ ಎರಡು ಮಳೆಗಾಲ ಕಂಡರೆ ಸ್ಕ್ರೂ ತಿರುಗುವುದಿಲ್ಲ. ತುಕ್ಕು ಹಿಡಿದ ಲಗ್ ಅಂದರೆ ಬಿಸಿ ಲಗ್. ಮೇಲೆ ಮಾಡಿದ ಲೆಕ್ಕವೆಲ್ಲ ಗಟ್ಟಿಯಾಗಿ ಕೂತ ಲಗ್ಗಿಗೆ ಮಾತ್ರ. ಫೈಬರ್ ಡಬ್ಬಿ, ಧೂಳು ನೀರು ಒಳಗೆ ಬಿಡದ ಐಪಿ 65 ದರ್ಜೆಯದ್ದು, ಕೇಬಲ್ ಒಳಹೋಗುವುದು ಯಾವಾಗಲೂ ಕೆಳಗಿನಿಂದ, ತವರ ಲೇಪದ ಲಗ್. ಅಲ್ಯೂಮಿನಿಯಂ ಕೇಬಲ್ ಆದರೆ ಎರಡು ಲೋಹದ ಬೈಮೆಟಲ್ ಲಗ್. ಸಿಡಿಲಿನಂಥ ಏರುವೋಲ್ಟೇಜನ್ನು ಭೂಮಿಗೆ ಇಳಿಸುವ ಎಸ್‌ಪಿಡಿ ಹಾಕುವಾಗ ಅದರ ತಂತಿ ಎರಡೂ ಕಡೆ ಸೇರಿ ಅರ್ಧ ಮೀಟರಿನ ಒಳಗಿರಲಿ. ಗುಡುಗಿನ ಮೇ ತಿಂಗಳಲ್ಲಿ ಉದ್ದ ತಂತಿಯ ಎಸ್‌ಪಿಡಿ ಇದ್ದೂ ಇಲ್ಲದ ಹಾಗೆ.

ಮಳೆ ಹಿಡಿದಾಗ ಇನ್ನೊಂದು ದೂರು ಬರುತ್ತದೆ, "ಇಎಲ್‌ಸಿಬಿ ಬೀಳ್ತದೆ" ಅಂತ. ಭೂಮಿಗೆ ಕರೆಂಟು ಸೋರಿದರೆ ಬೀಳುವ ಸ್ವಿಚ್ಚು ಅದು. ಒದ್ದೆ ಪ್ಯಾನೆಲ್‌ಗಳಿಂದ ಭೂಮಿಗೆ ಸಣ್ಣ ಸೋರಿಕೆ ಹೆಚ್ಚುತ್ತದೆ, ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರ್‌ಗಳಲ್ಲಿ ಜಾಸ್ತಿ. 30 ಮಿಲಿ ಆಂಪಿಯರಿನದ್ದು ಅದಕ್ಕೆ ಬೀಳುತ್ತದೆ. ಕಿತ್ತೆಸೆಯುವುದು ಉತ್ತರವಲ್ಲ. ಇನ್ವರ್ಟರ್ ಕಂಪನಿ ಯಾವ ಬಗೆಯದ್ದು, ಎಷ್ಟು ಮಿಲಿ ಆಂಪಿಯರಿನದ್ದು ಹೇಳಿದೆಯೋ ಅದನ್ನು ಹಾಕಬೇಕು.

ಐಸ್ ಪ್ಲಾಂಟಿನ ಕೆಲಸ ಮುಗಿಸಿದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಐಸ್ ಕೇಳುವವರಿಲ್ಲ. ಪ್ಯಾನೆಲ್ ಬಂದ್ ಮಾಡಿ ಬಸ್‌ಬಾರ್ ಬಿಚ್ಚಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕೊನೆಗೆ ಹೊರಗಿನಿಂದ ಬೀಗ ಹಾಕಲು ಬರುವ ಐಸೊಲೇಟರ್, ಅಂದರೆ ಲೈನು ಪೂರ್ತಿ ಬೇರ್ಪಡಿಸುವ ಸ್ವಿಚ್ಚು ಕೂರಿಸಿದೆವು. ವಿತರಣಾ ಕಂಪನಿಯವರು ಯಾವ ಹೊತ್ತಿಗೂ ಬಂದು ಸೋಲಾರನ್ನು ಕಣ್ಣಿಗೆ ಕಾಣುವ ಹಾಗೆ ಬೇರ್ಪಡಿಸಿ ಬೀಗ ಹಾಕುವಂತಿರಬೇಕು ಅಂತ ಪ್ರಾಧಿಕಾರದ 2013ರ ನಿಯಮ. ಗ್ರಿಡ್ ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತದೆ, ಸರಿ. ಆದರೆ ಮರ ಬಿದ್ದ ಲೈನು ಸರಿ ಮಾಡಲು ಮಳೆಯಲ್ಲಿ ಕಂಬ ಹತ್ತುವವನಿಗೆ ಬೀಗದ ಕೈ ತನ್ನ ಜೇಬಿನಲ್ಲಿರಬೇಕು ಅನ್ನಿಸಿದರೆ ತಪ್ಪೇನು?

ಪ್ಯಾನೆಲ್ ಬಾಗಿಲಿಗೆ ಒಂದು ಎಚ್ಚರಿಕೆ ಫಲಕವೂ ಬೇಕು. ಕಂಪನಿ ಕೊಟ್ಟ ಸ್ಟಿಕ್ಕರ್ ಇಂಗ್ಲಿಷಿನಲ್ಲಿತ್ತು, ಈ ಗಾಳಿಗೆ ವರ್ಷದೊಳಗೆ ಬಿಳುಚುವಂಥದ್ದು. ಯಜಮಾನರು ಬೋಟಿಗೆ ಹೆಸರು ಬರೆಯುವ ಪೇಂಟರನ್ನು ಕರೆಸಿದರು. ಅವನು ಕೆಂಪು ಎನಾಮಲ್‌ನಲ್ಲಿ, ಬೋಟಿನ ಮೂತಿಗೆ ಬರೆಯುವ ದಪ್ಪ ಅಕ್ಷರದಲ್ಲೇ ಬರೆದ: 'ಎಚ್ಚರ. ಎರಡು ಕಡೆಯಿಂದ ಕರೆಂಟು. ಎರಡೂ ಬಂದ್ ಮಾಡಿ ಕೈ ಹಾಕಿ.' ಕೆಳಗೆ, ಯಾರೂ ಹೇಳದಿದ್ದರೂ, ಒಂದು ಸಣ್ಣ ಮೀನು ಬಿಡಿಸಿದ.